ಹದಿಮೂರು ಕಡ್ಡಿ

ನನಗೆ ನನ್ನ ತಂಗಿಯನ್ನು ಕಂಡರೆ ಹೊಟ್ಟೆಕಿಚ್ಚು. ಇದನ್ನು ಹೀಗೆ ನೆಟ್ಟಗೆ ಬರೆಯಲು ಐವತ್ತೊಂಬತ್ತು ವರ್ಷ ಬೇಕಾಯಿತು. ಬರೆದ ಮೇಲೆ ನೋಡಿದರೆ ದೊಡ್ಡ ಸುದ್ದಿಯೇನೂ ಅಲ್ಲ. ನಮ್ಮ ಮನೆಯ ಬೆಕ್ಕಿಗೂ ಗೊತ್ತಿರುವ ವಿಷಯ. ಅವಳ ಬಣ್ಣ, ಅವಳ ಜಡೆ, ಅವಳ ಮೇಷ್ಟ್ರು ಕೆಲಸ, ಎಲ್ಲದಕ್ಕೂ ಒಂದೊಂದು ಕಾಲದಲ್ಲಿ ಹೊಟ್ಟೆ ಉರಿದುಕೊಂಡಿದ್ದೇನೆ. ಜಡೆ ಇಬ್ಬರದೂ ಇಲಿಬಾಲವಾಯಿತು, ಬಣ್ಣ ಇಬ್ಬರದೂ ಮಾಸಿತು. ಆ ಉರಿಗಳೆಲ್ಲ ತಾವಾಗಿ ಆರಿದವು. ಆರದೆ ಉಳಿದದ್ದು ಒಂದೇ, ಅಪ್ಪನ ಕಾರು.

ಅಪ್ಪ ಮದ್ದೂರು ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿದ್ದರು. ಊರೂರು ತಿರುಗಿ ಎತ್ತಿಗೆ, ಎಮ್ಮೆಗೆ ಔಷಧಿ ಕುಡಿಸುವ ಕೆಲಸ. ವರ್ಗವಾಗಿ ಹೊರಟ ಡಾಕ್ಟರೊಬ್ಬರು ತಮ್ಮ ಕಾರನ್ನು ಅಪ್ಪನಿಗೆ ಕೊಟ್ಟು ಹೋದಾಗ ನನಗೆ ಹನ್ನೆರಡು ವರ್ಷ, ತಂಗಿಗೆ ಏಳು. ಕೆನೆ ಬಣ್ಣ, ನಾಲ್ಕು ಬಾಗಿಲು, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು. ಕಾರು ಅಂಗಳಕ್ಕೆ ಬಂದು ನಿಂತ ಕೂಡಲೇ ತಂಗಿ ಮುಂದಿನ ಸೀಟಿಗೆ ಹತ್ತಿ ರಾಣಿಯ ಹಾಗೆ ಕೂತಳು. ನಾನು ಬಗ್ಗಿ ಅದರ ಕೆಳಗೆ ನೋಡಿದೆ. ಕೆಳಗೆಲ್ಲ ತುಕ್ಕು, ಬೆರಳಿನಿಂದ ಮುಟ್ಟಿದರೆ ಪುಡಿ ಉದುರುತ್ತಿತ್ತು. ಅಪ್ಪನೂ ನನ್ನ ಪಕ್ಕ ಬಗ್ಗಿದರು.

"ಇದ್ರ ಮೊಕ ಚೆಂದಾಗದೆ ಕಣ್ ಮಗಾ, ಒಟ್ಟೆ ಕೆಟ್ಟೋಗದೆ" ಅಂದರು. ದನದ ಆಸ್ಪತ್ರೆಯವರಲ್ಲವೇ, ಕಾರಿಗೂ ಹೊಟ್ಟೆ, ಬೆನ್ನು, ಗೊರಸು ಎಲ್ಲ ಇತ್ತು ಅವರ ಬಾಯಲ್ಲಿ.

ಗ್ಯಾರೇಜುಗಳಲ್ಲಿ ಕಾರನ್ನು ಮೇಲಕ್ಕೆತ್ತುವ ಯಂತ್ರ ಇರುತ್ತದೆ, ಇಲ್ಲವೇ ನೆಲದಲ್ಲಿ ಗುಂಡಿ ತೋಡಿರುತ್ತಾರೆ. ನಮಗೆ ನಾಲೆ ಇತ್ತು. ಶಿವಪುರದ ಹತ್ತಿರ ನಮ್ಮ ಗದ್ದೆಯ ಪಕ್ಕದಲ್ಲೇ ಕಲ್ಲು ಕಟ್ಟಿದ ಒಂದು ಸಣ್ಣ ನಾಲೆ ಹಾದುಹೋಗುತ್ತದೆ. ಎರಡೂವರೆ ಅಡಿ ಅಗಲ, ಮೂರಡಿ ಆಳ. ಬೇಸಿಗೆಯಲ್ಲಿ ದೊಡ್ಡ ನಾಲೆಯ ನೀರು ನಿಲ್ಲಿಸಿದಾಗ ಇದೂ ಒಣಗಿ ನಿಲ್ಲುತ್ತದೆ. ಅಪ್ಪ ಕಾರನ್ನು ಉದ್ದಕ್ಕೆ ಅದರ ಮೇಲೆ ತಂದು, ಎರಡು ಚಕ್ರ ಈ ದಡದ ಮೇಲೆ, ಎರಡು ಚಕ್ರ ಆ ದಡದ ಮೇಲೆ ನಿಲ್ಲಿಸಿ, ನಾಲ್ಕಕ್ಕೂ ಕಲ್ಲು ಕೊಡುತ್ತಿದ್ದರು. ನಾಲೆಯೊಳಗೆ ಇಳಿದು ಚಕ್ಕಳಮಕ್ಕಳ ಹಾಕಿ ಕೂತರೆ ಕಾರಿನ ಹೊಟ್ಟೆ ಸರಿಯಾಗಿ ಕೈಗೆ ಸಿಗುತ್ತಿತ್ತು. ನಾಲೆಯ ಕಲ್ಲು ತಣ್ಣಗಿರುತ್ತಿತ್ತು, ಮೇಲೆ ಕಾರೇ ನೆರಳು. ಪ್ರತಿ ಬೇಸಿಗೆಯಲ್ಲೂ ನಾಲ್ಕು ದಿನ ನಾನೂ ಅಪ್ಪನೂ ಅಲ್ಲಿ. ತಂಗಿ ಮೇಲೆ ಸೀಟಿನಲ್ಲಿ ಕೂತು ಮಾವಿನಕಾಯಿ ತಿಂದು ಓಟೆಯನ್ನು ನಮ್ಮ ಮೇಲೆ ಎಸೆಯುತ್ತಿದ್ದಳು. ಅಪ್ಪ ನಗುತ್ತಿದ್ದರು. ನಾನು ಎಸೆದಿದ್ದರೆ ಬೆನ್ನ ಮೇಲೆ ಏಟು ಬೀಳುತ್ತಿತ್ತು. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂದರೆ ಏನು ಅಂತ ನಾನು ಶಾಲೆಯಲ್ಲಿ ಕಲಿತದ್ದಲ್ಲ.

ಕೆಲಸ ಮಾತ್ರ ನನಗೆ ಒಂದೊಂದೂ ನೆನಪಿದೆ. ಮೊದಲ ದಿನ ಕೆಸರು ತೊಳೆದು ಒಣಗಲು ಬಿಡಬೇಕು. ಎರಡನೆಯ ದಿನ ತಂತಿ ಬ್ರಶ್ಶು, ಉಪ್ಪುಕಾಗದ ಹಿಡಿದು ತಗಡು ಬೆಳ್ಳಗೆ ಕಾಣುವವರೆಗೆ ಉಜ್ಜಬೇಕು. ಬಿಚ್ಚಲು ಬರುವ ಬೋಲ್ಟು, ಪಟ್ಟಿಗಳನ್ನು ಹದಿನೈದು ದಿನ ಮೊದಲೇ ಬಿಚ್ಚಿ, ಕಾಕಂಬಿ ಕದಡಿದ ನೀರಿನ ಬಕೆಟ್ಟಿಗೆ ಹಾಕಿಡುತ್ತಿದ್ದೆವು. ಸಕ್ಕರೆ ತೆಗೆದ ಮೇಲೆ ಉಳಿಯುವ ಆ ಕಪ್ಪು ಪಾಕಕ್ಕೆ ತುಕ್ಕನ್ನು ಕರಗಿಸುವ ಗುಣ ಇದೆ ಅಂತ ಅಪ್ಪನಿಗೆ ಯಾರು ಹೇಳಿದರೋ ಗೊತ್ತಿಲ್ಲ. ಕಬ್ಬಿನ ಸೀಮೆಯಲ್ಲಿ ಕಾಕಂಬಿಗೇನು ಬರ. ಮೂರನೆಯ ದಿನ ತುಕ್ಕು ತಡೆಯುವ ರೆಡ್ ಆಕ್ಸೈಡ್ ಬಣ್ಣ ಬಳಿದು ಒಣಗಿಸುವುದು. ನಾಲ್ಕನೆಯ ದಿನ ಎರಡು ಕೆಲಸ. ಮೇಣದ ಬತ್ತಿ ಚೂರು ಮಾಡಿ, ಇಂಜಿನ್ ಆಯಿಲ್ ಬೆರೆಸಿ, ಬಿಸಿನೀರಿನ ಪಾತ್ರೆಯಲ್ಲಿಟ್ಟು ಕರಗಿಸಿ, ಬಾಗಿಲುಗಳ ಕೆಳಗೆ ಉದ್ದಕ್ಕೂ ಹೋಗುವ ತಗಡಿನ ಟೊಳ್ಳಿನೊಳಕ್ಕೆ ಸುರಿಯುವುದು. ಅಪ್ಪ ಆ ಟೊಳ್ಳನ್ನು ಕಾರಿನ ಹೊಸ್ತಿಲು ಅನ್ನುತ್ತಿದ್ದರು. ಸುರಿಯಲು ದನಕ್ಕೆ ಔಷಧಿ ಕುಡಿಸುವ ಬಿದಿರಿನ ಗೊಟ್ಟ. ಕೊನೆಗೆ ಹೊಟ್ಟೆಗೆಲ್ಲ ದಪ್ಪಗೆ ಡಾಂಬರು.

ಡಾಂಬರಿಗೆ ಮೊದಲು ಇನ್ನೊಂದು ಕೆಲಸ ಇತ್ತು, ಅದು ನನ್ನೊಬ್ಬಳದೇ. ಕಿಟಕಿ ಗಾಜಿನ ಸಂದಿಯಿಂದ ಮಳೆನೀರು ಬಾಗಿಲೊಳಗೆ ಇಳಿಯುತ್ತದೆ. ಇಳಿದದ್ದು ಹೊರಗೆ ಹೋಗಲಿ ಅಂತ ಪ್ರತಿ ಬಾಗಿಲ ತಳದಲ್ಲಿ ಎರಡೆರಡು ಸಣ್ಣ ತೂತು, ಎರಡು ಹೊಸ್ತಿಲಿಗೂ ಎರಡೆರಡು. ಡಾಂಬರು ಬಳಿಯುವಾಗ ಇವು ಮುಚ್ಚಿಹೋದರೆ ಕೆಟ್ಟಿತು. ಒಳಗೆ ನಿಂತ ನೀರು ಒಳಗಿಂದಲೇ ತಗಡನ್ನು ತಿನ್ನುತ್ತದೆ, ಹೊರಗಿನಿಂದ ನೋಡುವವರಿಗೆ ತಿಳಿಯುವುದೂ ಇಲ್ಲ. "ದನಕ್ಕೆ ಉಚ್ಚೆ ಕಟ್ಟುದ್ರೆ ಏನಾಯ್ತದೆ ಮಗಾ? ಇದ್ಕೂ ಅಷ್ಟೆಯ" ಅನ್ನುತ್ತಿದ್ದರು ಅಪ್ಪ. ಅದಕ್ಕೆ ನಾನು ಕಡ್ಡಿಪೊರಕೆಯ ಕಡ್ಡಿ ಮುರಿದು ಒಂದೊಂದು ತೂತಿಗೆ ಒಂದೊಂದು ಸಿಕ್ಕಿಸಬೇಕು. ಮಾರನೆಯ ದಿನ ಕಿತ್ತು, ಎಣಿಸಿ, ಅಪ್ಪನ ಕೈಗೆ ಕೊಡಬೇಕು. ಎಣಿಕೆ ಸರಿಹೋದರೆ ಆ ವರ್ಷದ ಕೆಲಸ ಮುಗಿಯಿತು.

ಕಾರು ಮಾಡಿದವರು ಇಟ್ಟದ್ದು ಹನ್ನೆರಡು ತೂತು. ನನ್ನ ಕಡ್ಡಿ ಮಾತ್ರ ಹದಿಮೂರು. ಎಡಗಡೆಯ ಹಿಂದಿನ ಚಕ್ರದ ಹಿಂಭಾಗದಲ್ಲಿ ತಗಡು ಮಡಚಿಕೊಂಡ ಒಂದು ಮೂಲೆ ಇದೆ. ಡಿಕ್ಕಿಯ ರಬ್ಬರಿನಿಂದ ಸೋರುವ ನೀರು ಅಲ್ಲಿ ಬಂದು ನಿಲ್ಲುತ್ತಿತ್ತು. ಒಂದು ಬೇಸಿಗೆ ಅಪ್ಪ ಕೈ ಡ್ರಿಲ್ಲಿನಿಂದ ಅಲ್ಲೊಂದು ತೂತು ಕೊರೆದರು. ನಾನು ಬ್ಯಾಟರಿ ಹಿಡಿದಿದ್ದೆ. ತಗಡಿನ ಪುಡಿ ನನ್ನ ಕಣ್ಣಿಗೆ ಬಿದ್ದು, ಅಪ್ಪ ಪಂಚೆಯ ತುದಿಯನ್ನು ನಾಲಿಗೆಗೆ ತಾಗಿಸಿ ಅದನ್ನು ತೆಗೆದರು. ಆ ತೂತಿನ ವಿಷಯ ಗೊತ್ತಿದ್ದದ್ದು ನಮ್ಮಿಬ್ಬರಿಗೇ.

ಇಪ್ಪತ್ತೊಂದಕ್ಕೆ ನನ್ನನ್ನು ಮಂಡ್ಯಕ್ಕೆ ಮದುವೆ ಮಾಡಿ ಕೊಟ್ಟರು. ಗಂಡ ಒಳ್ಳೆಯವರು, ಅದರಲ್ಲಿ ತಕರಾರಿಲ್ಲ. ನಾನು ಅಲ್ಲೇ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸಕ್ಕೆ ಸೇರಿದೆ. ನಾನು ಇತ್ತ ಬಂದ ಮೇಲೆ ಅತ್ತ ಅಪ್ಪ ತಂಗಿಗೆ ಕಾರು ಓಡಿಸಲು ಕಲಿಸಿದರು. ಒಂದು ಯುಗಾದಿಗೆ ಅವಳೇ ಕಾರು ಓಡಿಸಿಕೊಂಡು, ಅಪ್ಪನನ್ನು ಪಕ್ಕದ ಸೀಟಿನಲ್ಲಿ ಕೂರಿಸಿಕೊಂಡು, ನಮ್ಮ ಮನೆಯ ಮುಂದೆ ಬಂದು ಹಾರನ್ ಹೊಡೆದಳು. ಬೀದಿಯವರೆಲ್ಲ ಬಾಗಿಲಿಗೆ ಬಂದರು. ಹೋಳಿಗೆಗೆ ಕಣಕ ನಾದುತ್ತಿದ್ದ ಕೈಯಲ್ಲೇ ಹೊರಗೆ ಬಂದು ನಿಂತ ನನಗೆ ಆ ಹಾರನ್ ಇನ್ನೂ ಕೇಳಿಸುತ್ತದೆ.

ಅಪ್ಪ ಹೋಗಿ ಮೂರು ವರ್ಷವಾಯಿತು. ಹೋಗುವ ಮುಂಚೆ ಕಾರಿನ ಕೀಯನ್ನು ತಂಗಿಯ ಕೈಗೆ ಕೊಟ್ಟರು. ನಾನು ಅಲ್ಲೇ ಮಂಚದ ಪಕ್ಕ ಎಳನೀರು ಹಿಡಿದುಕೊಂಡು ನಿಂತಿದ್ದೆ. ನನ್ನ ಮುಖ ನೋಡಿ ಅಪ್ಪನಿಗೇ ಏನೋ ಅನ್ನಿಸಿರಬೇಕು. "ನಿಂಗೆ ಓಡ್ಸಕೆ ಬರಾಕಿಲ್ವಲ್ಲ ಮಗಾ" ಅಂದರು. ಮಾತು ಸರಿಯಾಗೇ ಇತ್ತು. ಓಡಿಸಲು ಕಲಿಸಿದ್ದರೆ ಬರುತ್ತಿತ್ತು ಅಪ್ಪ ಅನ್ನಬೇಕಿತ್ತು, ಎಳನೀರು ಮುಂದೆ ಹಿಡಿದೆ.

ಕಾರು ಮಳವಳ್ಳಿಗೆ, ತಂಗಿಯ ಮನೆಗೆ ಹೋಯಿತು. ಈಗ ಹಳೆಯ ಕಾರು ಅಂದರೆ ಜನಕ್ಕೆ ಹುಚ್ಚು. ಮದುವೆ ಗಂಡುಗಳು ಅದರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ತಂಗಿ ಭಾನುವಾರ ಅದರಲ್ಲಿ ತರಕಾರಿಗೆ ಹೋಗುತ್ತಾಳೆ, ಆ ಫೋಟೊವನ್ನು ನಮ್ಮ ಮನೆಯವರ ಗುಂಪಿಗೆ ಕಳಿಸುತ್ತಾಳೆ. ನಾನು ಫೋಟೊ ದೊಡ್ಡದು ಮಾಡಿ ಚಕ್ರದ ಮೇಲಿನ ಅಂಚನ್ನೇ ನೋಡುತ್ತಿದ್ದೆ. ಈ ವರ್ಷ ಸಂಕ್ರಾಂತಿಯ ಫೋಟೊದಲ್ಲಿ ಬಣ್ಣದ ಕೆಳಗೆ ಅವರೆಕಾಳಿನಷ್ಟು ಒಂದು ಗುಳ್ಳೆ ಕಾಣಿಸಿತು. ತುಕ್ಕು. ಅವತ್ತು ಊಟ ರುಚಿಯಾಗಿತ್ತು.

ಏಪ್ರಿಲ್‌ ಮೊದಲ ವಾರದಲ್ಲಿ ಅವಳೇ ಫೋನ್ ಮಾಡಿದಳು.

"ಅಕ್ಕೋ, ಕಾರಿನ ಕೆಳಗೆ ತುಕ್ಕು ಇಡ್ಕೊಂಡದೆ ಕಣಕ್ಕ. ಗ್ಯಾರೇಜ್ನೋರು ಬುಟ್ಟೋಗಿ, ತಿಂಗ್ಳಾಯ್ತದೆ ಅಂತಾವ್ರೆ. ನಂಗೆ ಬುಡಕೆ ಮನ್ಸಿಲ್ಲ. ನಾಲೇಲಿ ನೀರು ನಿಲ್ಸವ್ರೆ, ಅಪ್ಪ ಮಾಡ್ತಿದ್ದಂಗೆ ನಾವೇ ಮಾಡನ ಬಾ."

"ಕಾರ್ ನಿಂದು, ಕೂಲಿಗೆ ನಾನಾ?" ಅಂದೆ.

"ಊಂ ಮತ್ತೆ. ನಿಂಗೆ ತಾನೆ ಗೊತ್ತಿರಾದು."

ಆ ಕೊನೆಯ ಮಾತಿಗೆ ನಾನು ಬಿದ್ದೆ. ನನಗೆ ಮಾತ್ರ ಗೊತ್ತಿರುವುದು ಒಂದು ಇದೆ ಅಂತ ಅವಳ ಬಾಯಿಂದಲೇ ಬಂತಲ್ಲ. ಬೋಲ್ಟುಗಳನ್ನು ಈಗಲೇ ಬಿಚ್ಚಿಸಿ ಕಾಕಂಬಿಯಲ್ಲಿ ನೆನೆಹಾಕು ಅಂತ ಫೋನಿನಲ್ಲೇ ಅಪ್ಪಣೆ ಕೊಟ್ಟೆ. ಹದಿನೈದು ದಿನ ಕಳೆದು ಹೊರಡುವಾಗ ಒಂದು ಹೊಸ ಕಡ್ಡಿಪೊರಕೆ ಬಿಚ್ಚಿ, ಬೆರಳುದ್ದದ ಹದಿಮೂರು ತುಂಡು ಮುರಿದು, ದಾರ ಸುತ್ತಿ ಬ್ಯಾಗಿಗೆ ಹಾಕಿಕೊಂಡೆ. ಸಮಯ ಬಂದಾಗ ಅದನ್ನು ತೆಗೆದು ಅವಳ ಮುಂದೆ ಇಡಬೇಕು, ಅವಳು ಇದೇನಕ್ಕ ಅಂತ ಕೇಳಬೇಕು, ನಾನು ಹೇಳಬೇಕು. ಮದ್ದೂರಿನವರೆಗೆ ಬಸ್ಸಿನಲ್ಲಿ ಅದನ್ನೇ ಯೋಚಿಸಿಕೊಂಡು ಹೋದೆ.

ಗದ್ದೆಯಲ್ಲಿ ನಮ್ಮದೊಂದು ಹೆಂಚಿನ ಮನೆ ಇದೆ. ನಾಲ್ಕು ದಿನ ಅಲ್ಲೇ ಇದ್ದೆವು. ತಂಗಿ ಕಾರನ್ನು ಒಂದೇ ಸಲಕ್ಕೆ ನಾಲೆಯ ಮೇಲೆ ಅಳತೆ ಹಿಡಿದಂತೆ ತಂದು ನಿಲ್ಲಿಸಿದಳು. ಅಪ್ಪ ಮೂರು ಸಲ ಹಿಂದೆ ಮುಂದೆ ಮಾಡುತ್ತಿದ್ದರು. ನನಗೆ ಹೊಟ್ಟೆಯುರಿ ಅಲ್ಲೇ ಶುರುವಾಯಿತು. ಆದರೆ ಸೆರಗು ಸಿಕ್ಕಿಸಿಕೊಂಡು ನಾಲೆಗೆ ಇಳಿದು ತಲೆ ಎತ್ತಿ ನೋಡಿದಾಗ ಮಾತ್ರ ಎದೆ ಹಗುರಾಯಿತು. ಈ ಹೊಟ್ಟೆ ನನಗೆ ಗೊತ್ತು. ಮೂವತ್ತೆಂಟು ವರ್ಷದ ಮೇಲೆ ನೋಡುತ್ತಿದ್ದರೂ ಯಾವ ಬೋಲ್ಟು ಎಲ್ಲಿದೆ ಅಂತ ಕೈಗೆ ನೆನಪಿತ್ತು.

ಮೂರು ದಿನ ನಾನು ಅವಳನ್ನು ಬೈದೆ. ಬೈಯುವುದು ನನಗೆ ಉಸಿರಾಡಿದಷ್ಟು ಸಲೀಸು, ಆ ಮೂರು ದಿನವಂತೂ ಬಿಡುವೇ ಕೊಡಲಿಲ್ಲ.

"ತಂತಿ ಬ್ರಶ್ಶನ್ನ ಇಂಗ್ ಇಡ್ಕೊತಾರೇನೇ ಮೂದೇವಿ? ಕಾರಿಗೆ ಕಚಗುಳಿ ಇಡ್ತಿದ್ದೀಯಾ?"

"ಸೈಲೆನ್ಸರಿಗೆ ಬಳೀಬ್ಯಾಡ, ಕಾದ್ರೆ ದಾರಿ ಉದ್ದಕ್ಕೂ ಒಗೆ ಬತ್ತದೆ."

"ಬ್ರೇಕಿನ ಪೈಪು ಕಣೇ ಅದು, ಕಣ್ ಕಾಣಾಕಿಲ್ವ?"

ಅವಳು ಒಂದಕ್ಕೂ ಸಿಟ್ಟಾಗಲಿಲ್ಲ. ಮೂಗಿನ ಮೇಲೆ ತುಕ್ಕಿನ ಪುಡಿ ಮೆತ್ತಿಕೊಂಡು ನಗುತ್ತಿದ್ದಳು. ಶಾಲೆಯಲ್ಲಿ ನೂರು ಮಕ್ಕಳನ್ನು ಗದರಿಸುವವಳು ನನ್ನ ಮುಂದೆ ನಾಲೆಯಲ್ಲಿ ಕುಕ್ಕರುಗಾಲಿನಲ್ಲಿ ಕೂತು, ಹೇಳಿದಂತೆ ಕೇಳುತ್ತಿದ್ದಳು. ಗದ್ದೆಗೆ ಔಷಧಿ ಹೊಡೆಯುವ ಪಂಪನ್ನು ಹೊಸದಾಗಿ ತಂದು ಅದರಲ್ಲೇ ಸಂದುಗೊಂದು ತೊಳೆದಳು. ಅದು ಅವಳದೇ ಉಪಾಯ, ಅಪ್ಪನ ಮಗ್ಗಿನ ನೀರಿಗಿಂತ ಚೆನ್ನಾಗಿತ್ತು, ನಾನು ಹೇಳಲಿಲ್ಲ. ಸಂಜೆ ಇಬ್ಬರೂ ಸೇರಿ ಬಸ್ಸಾರು ಮಾಡಿ ಮುದ್ದೆ ಉಂಡು, ಮೈಕೈ ನೋವಿಗೆ ಒಬ್ಬರ ಬೆನ್ನಿಗೊಬ್ಬರು ಎಣ್ಣೆ ತಿಕ್ಕಿಕೊಂಡೆವು. ಹಾಗೇ ಮುಗಿದಿದ್ದರೆ ನಾನು ಒಳ್ಳೆಯವಳಾಗಿ ಮನೆಗೆ ಬರುತ್ತಿದ್ದೆ.

ನಾಲ್ಕನೆಯ ದಿನ ಬೆಳಿಗ್ಗೆ ಹೊಸ್ತಿಲುಗಳಿಗೆ ಮೇಣ ಸುರಿದೆವು. ಅಪ್ಪನ ಗೊಟ್ಟ ಅಟ್ಟದ ಮೇಲೆ ಹಾಗೇ ಇತ್ತು. ಹೆಚ್ಚಾದ ಮೇಣ ಕೆಳಗಿನ ತೂತುಗಳಿಂದ ತೊಟ್ಟಿಕ್ಕಿ ನಿಂತ ಮೇಲೆ ಊಟ ಮಾಡಿದೆವು. ಊಟವಾದ ಮೇಲೆ ಡಾಂಬರು. ನಾನು ಕೈ ತೊಳೆದು ಬ್ಯಾಗು ತೆಗೆದುಕೊಂಡು ನಾಲೆಯ ಹತ್ತಿರ ಬರುವಷ್ಟರಲ್ಲಿ ಅವಳು ಡಬ್ಬಿ ತೆರೆದು ಶುರು ಮಾಡಿಬಿಟ್ಟಿದ್ದಳು. ನನ್ನ ಕೈ ಬ್ಯಾಗಿನೊಳಗೆ ಕಡ್ಡಿಯ ಕಟ್ಟಿನ ಮೇಲೆ ಇತ್ತು. ಆಗ ಅವಳು, ಬ್ರಶ್ಶು ಆಡಿಸುತ್ತಲೇ, ಹಿಂದಕ್ಕೆ ತಿರುಗದೆ ಅಂದಳು:

"ಇಷ್ಟೇನಾ ಅಕ್ಕ? ಗ್ವಾಡೆಗೆ ಸುಣ್ಣ ಬಳ್ದಂಗೆ ಅಲ್ವಾ? ನೀನೂ ಅಪ್ಪಾನೂ ಇದೇನೋ ಮಾ ವಿದ್ಯೆ ಅನ್ನಂಗೆ ಕುಣೀತಿದ್ರಲ್ಲ!"

ತಮಾಷೆಗೆ ಅಂದದ್ದು. ನನಗೆ ಮಾತ್ರ ಮೈಯೆಲ್ಲ ಉರಿ ಎದ್ದಿತು. ಕಾರು ಅವಳದು, ಸೀಟು ಅವಳದು, ಕೀ ಅವಳದು, ಹಾರನ್ ಅವಳದು. ನನಗೆ ಅಂತ ಇದ್ದದ್ದು ಆ ನಾಲೆಯಲ್ಲಿ ಕಳೆದ ಒಂಬತ್ತು ಬೇಸಿಗೆ. ಅದನ್ನೂ ಗೋಡೆಗೆ ಸುಣ್ಣ ಬಳಿದಷ್ಟೇ ಅಂದುಬಿಟ್ಟಳಲ್ಲ. ನಾನು ಕೈಯನ್ನು ಬ್ಯಾಗಿನಿಂದ ಹೊರಗೆ ತೆಗೆದೆ. ಬರಿಗೈ.

ಅವಳು ಬಾಗಿಲುಗಳನ್ನು ಒಂದೊಂದಾಗಿ ತೆರೆದು ತಳದ ಅಂಚಿಗೆ ದಪ್ಪಗೆ ಬಳಿದಳು. ತೂತುಗಳು ಒಂದೊಂದಾಗಿ ಮುಚ್ಚಿಹೋಗುವುದನ್ನು ನಾನು ದಡದ ಮೇಲೆ ಕೂತು ನೋಡಿದೆ. ಎರಡು, ನಾಲ್ಕು, ಎಂಟು. ಹೊಸ್ತಿಲಿನವೂ ಹೋದವು. ಕೊನೆಗೆ ಎಡಗಡೆ ಹಿಂದಿನ ಚಕ್ರದ ಹಿಂದಿನ ಆ ಮೂಲೆಗೆ ಬಂದು ಬ್ರಶ್ಶನ್ನು ಒತ್ತಿ ಎರಡು ಸಲ ಎಳೆದಳು, ಅಪ್ಪ ಕೊರೆದದ್ದೂ ಮುಚ್ಚಿತು. ಒಂದು ಮಾತು ಸಾಕಿತ್ತು. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರೆ. ನನ್ನ ಅವತ್ತಿನ ಮೌನ ಅಪ್ಪಟ ತುಕ್ಕು. "ಸಾಕಾ ಅಕ್ಕ?" ಅಂತ ಅವಳು ಕೇಳಿದಾಗ ತಲೆ ಆಡಿಸಿದೆ. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು, ಆಮೇಲೆ ಡಬ್ಬಿಯ ಮುಚ್ಚಳ ಹಾಕಿದಳು.

ಮಂಡ್ಯಕ್ಕೆ ಬಂದ ಮೇಲೆ ಎರಡು ವಾರ ನನಗೆ ಏನೂ ಅನ್ನಿಸಲಿಲ್ಲ. ಸುಳ್ಳು ಯಾಕೆ, ಚೆನ್ನಾಗೇ ಅನ್ನಿಸಿತು. ಆಮೇಲೆ ಭರಣಿ ಮಳೆ ಬಂತು. ಮಧ್ಯಾಹ್ನ ಮೂರು ಗಂಟೆಗೆ ಆಕಾಶ ಕಪ್ಪಾಗಿ ಧಾರಾಕಾರ ಸುರಿಯಿತು. ಒಣಗಿದ ಬಟ್ಟೆ ಎಳೆದುಕೊಂಡು ಒಳಗೆ ಬರುವಾಗ ಮೊದಲು ಬಂದ ಯೋಚನೆ, ಈಗ ಬಾಗಿಲೊಳಗೆ ನೀರು ಇಳಿಯುತ್ತಿರುತ್ತದೆ ಅಂತ. ಅದರಲ್ಲಿ ಒಂದು ಸುಖವಿತ್ತು. ಅವಳ ಫೋಟೊದ ಕಾರು ಎರಡು ವರ್ಷದಲ್ಲಿ ಬಾಗಿಲು ಉದುರಿ ಅಂಗಳದಲ್ಲಿ ಕೂರುತ್ತದೆ, ಯಾವ ಮದುವೆ ಗಂಡೂ ಬರುವುದಿಲ್ಲ. ಮುಂದಿನ ಮಳೆ ಕೃತ್ತಿಕೆಯದು. ಅದು ಬಂದಾಗ ಸುಖ ಅಷ್ಟಿರಲಿಲ್ಲ. ಬಾಗಿಲು ಉದುರುವುದನ್ನು ನೆನೆಸಿಕೊಂಡರೆ ಈಗ ಬಾಗಿಲ ಪಕ್ಕದಲ್ಲಿ ಅಪ್ಪ ಬಗ್ಗಿ ನೋಡುತ್ತಿರುವುದು ಕಾಣುತ್ತಿತ್ತು. ಅವರು ಅವಳ ಕಾರನ್ನು ನೋಡುತ್ತಿರಲಿಲ್ಲ, ತಮ್ಮ ಕಾರನ್ನು ನೋಡುತ್ತಿದ್ದರು. ಇದು ಯಾಕೆ ನನಗೆ ಮೊದಲೇ ಹೊಳೆಯಲಿಲ್ಲವೋ. ಹೊಟ್ಟೆಕಿಚ್ಚಿಗೆ ಕಣ್ಣಿಲ್ಲ.

ರೋಹಿಣಿ ಮಳೆ ಹಿಡಿಯಿತು, ನಾನು ಕಾಫಿ ಲೋಟ ಕೈಯಲ್ಲಿಟ್ಟುಕೊಂಡು ಕಿಟಕಿಯ ಹತ್ತಿರ ಎಷ್ಟು ಹೊತ್ತು ನಿಂತಿದ್ದೆನೋ. ಗಂಡ ಪೇಪರು ಕೆಳಗಿಟ್ಟು ಏನಾಯಿತು ಅಂತ ಕೇಳಿದರು. ಎಲ್ಲ ಹೇಳಿದೆ. ಅವರು ನಗಲಿಲ್ಲ.

"ಮುಚ್ಚಿದ್ದು ಅವ್ಳು, ಒದ್ದಾಡ್ತಿರಾದು ನೀನು. ಓಗಿ ಏಳ್ಬುಟ್ಟು ಬಾ ಅತ್ಲಾಗೆ" ಅಂದರು.

ಉಪ್ಪು ತಿಂದವಳು ನೀರು ಕುಡಿಯಲೇಬೇಕು. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿದೆ. ಮದ್ದೂರಿನಲ್ಲಿ ಬಸ್ಸು ಬದಲಿಸಿ ಮಳವಳ್ಳಿಗೆ ಹೋಗುವಷ್ಟರಲ್ಲಿ ಹೇಗೆ ಹೇಳಬೇಕು ಅಂತ ಹತ್ತು ರೀತಿ ಯೋಚಿಸಿದೆ. ಮರೆತು ಹೋಗಿತ್ತು ಅಂತ ಹೇಳಬಹುದು. ಈಗ ಜ್ಞಾಪಕ ಬಂತು ಅಂತ ಹೇಳಬಹುದು. ಯಾರಿಗೂ ನಷ್ಟವಿಲ್ಲದ ಸುಳ್ಳು. ಆದರೆ ಬ್ಯಾಗಿನಲ್ಲಿ ಕೈ ಹಾಕಿದಾಗಲೆಲ್ಲ ಆ ಕಡ್ಡಿಗಳು ಬೆರಳಿಗೆ ಚುಚ್ಚುತ್ತಿದ್ದವು. ಒಂದೂವರೆ ತಿಂಗಳಿಂದ ಅವನ್ನು ತೆಗೆದು ಎಸೆದಿರಲಿಲ್ಲ.

ಹಿಂದಿನ ದಿನ ಮಳೆಯಾಗಿ ಅವರ ಅಂಗಳ ಇನ್ನೂ ಒದ್ದೆಯಿತ್ತು. ಕಾರು ಅಲ್ಲೇ ನಿಂತಿತ್ತು, ತೊಳೆದ ಹಾಗೆ ಹೊಳೆಯುತ್ತಿತ್ತು. ತಂಗಿ ಇಡ್ಲಿ ಹಾಕಿದ್ದಳು. ನಾನು ತಟ್ಟೆ ಮುಟ್ಟಲಿಲ್ಲ.

"ನೀನು ಡಾಂಬರ್ ಬಳಿವಾಗ ಬಾಗ್ಲಿನ ತೂತೆಲ್ಲ ಮುಚ್ಚೋದ್ವು ಕಣೇ. ನಾನು ನೋಡ್ದೆ. ನೋಡ್ಬುಟ್ಟು ಸುಮ್ಕಿದ್ದೆ."

"ಗೊತ್ತು" ಅಂದಳು.

"ಏನ್ ಗೊತ್ತು?"

"ನೀನು ಸುಮ್ಕಿದ್ದಿದ್ದು." ಅವಳು ಚಟ್ನಿ ಬಡಿಸುತ್ತಲೇ ಹೇಳಿದಳು. "ಮೂರ್ ದಿನ ಬೆಳಿಗ್ಗಿಂದ ಸಂಜೆಗಂಟ ಬೈದೆ. ಅದೊಂದ್ ಮಧ್ಯಾನ ತುಟಿ ಬಿಚ್ಲಿಲ್ಲ. ನೀನು ಬೈಲಿಲ್ಲ ಅಂದ್ರೆ ನಾನು ಏನೋ ದೊಡ್ಡ ಎಡವಟ್ಟೇ ಮಾಡಿವ್ನಿ ಅಂತ ಆಗ್ಲೇ ಅನ್ನುಸ್ತು. ಇಲ್ಲಿಗೆ ಬಂದ್ ಮಾರ್ನೆ ದಿನ ಇಲ್ಲಿನ ಮೆಕ್ಯಾನಿಕ್ಕಿಗೆ ತೋರುಸ್ದೆ. ಅವ್ನು ತಲೆ ಚಚ್ಕೊಂಡ. ಇಬ್ರೂ ಕೂತ್ಕೊಂಡು ಎಲ್ಲಾನೂ ಚುಚ್ಚಿ ಬುಡಿಸ್ದೋ."

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. "ನಂಗ್ಯಾಕೆ ಏಳ್ಲಿಲ್ಲ?" ಅಂದೆ.

"ನೀನ್ಯಾಕೆ ಏಳ್ಲಿಲ್ಲ?"

ಅದಕ್ಕೆ ನನ್ನ ಹತ್ತಿರ ಉತ್ತರ ಇತ್ತು, ಆದರೆ ಇಡ್ಲಿಯ ಮುಂದೆ ಕೂತು ಹೇಳುವಂಥದ್ದಲ್ಲ. ಅವಳೂ ಒತ್ತಾಯ ಮಾಡಲಿಲ್ಲ. ನನ್ನ ಕೈ ಹಿಡಿದು ಎಬ್ಬಿಸಿಕೊಂಡು ಕಾರಿನ ಹತ್ತಿರ ಕರೆದುಕೊಂಡು ಹೋಗಿ, ಬಾಗಿಲು ತೆರೆದು ತೋರಿಸಿದಳು. ತಳದಲ್ಲಿ ಎರಡೆರಡು ತೂತು ಸ್ವಚ್ಛವಾಗಿದ್ದವು. ಹೊಸ್ತಿಲಿನ ಕೆಳಗೆ ಕೈ ಹಾಕಿ ನೋಡು ಅಂದಳು. ಹಾಕಿದೆ, ಅವೂ ತೆರೆದಿದ್ದವು.

"ಅನ್ನೆರಡು. ಒಂದೂ ಬುಟ್ಟಿಲ್ಲ" ಅಂದಳು, ಪರೀಕ್ಷೆಯಲ್ಲಿ ಪಾಸಾದವಳ ಹಾಗೆ.

ಹನ್ನೆರಡು. ನಾನು ಎಡಗಡೆಯ ಹಿಂದಿನ ಚಕ್ರದ ಕಡೆ ನೋಡಿದೆ. ಮೆಕ್ಯಾನಿಕ್ಕಿಗೆ ಗೊತ್ತಿರುವ ಸಾಧ್ಯತೆ ಇಲ್ಲ, ಅದು ಯಾವ ಕಾರಿನಲ್ಲೂ ಇಲ್ಲದ ತೂತು. ಮೂರು ಮಳೆಯ ನೀರು ಅಲ್ಲಿ ನಿಂತಿರಬೇಕು. ಹೇಳಬೇಕು ಅಂತಲೇ ಬಂದವಳು ನಾನು. ಆದರೂ ಬಾಯಿ ಕಟ್ಟಿತು. ಅದು ಅಪ್ಪನೂ ನಾನೂ ಕೊರೆದದ್ದು. ಅವರು ಪಂಚೆಯ ತುದಿಯಿಂದ ನನ್ನ ಕಣ್ಣಿನ ಪುಡಿ ತೆಗೆದ ದಿನದ್ದು. ಅಪ್ಪನಿಂದ ನನಗೊಬ್ಬಳಿಗೇ ಅಂತ ಸಿಕ್ಕಿದ್ದು ಇನ್ನು ಅದೊಂದೇ. ಹೇಳಿದರೆ ಅದೂ ಇವಳ ಪಾಲಾಗುತ್ತದೆ. ಹೇಳದಿದ್ದರೂ ಈಗ ಯಾರೂ ಕೇಳುವವರಿಲ್ಲ. ಹನ್ನೆರಡು ಸರಿಯಾಗಿದೆ, ಎಲ್ಲರೂ ಸುಖಿ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ, ತಂಗಿ "ಯಾಕಕ್ಕ ಸುಮ್ಕಾದೆ?" ಅಂದಳು. ಅಂದು, ಅವಳ ಮುಖವೇ ಬದಲಾಯಿತು. ನನ್ನ ಮೌನಕ್ಕೆ ಈಗ ಅವಳು ಹೆದರುತ್ತಾಳೆ.

ನಾನು ಇಸ್ತ್ರಿ ಮಾಡಿದ ಸೀರೆ ಉಟ್ಟುಕೊಂಡು ಬಂದಿದ್ದೆ. ಹಾಗೇ ಒದ್ದೆ ಅಂಗಳದಲ್ಲಿ ಅಂಗಾತ ಮಲಗಿ ಕಾರಿನ ಕೆಳಗೆ ತೆವಳಿದೆ. ತಲೆಯ ಪಿನ್ನು ಕಿತ್ತು, ಕೈಯಾಡಿಸಿ ಆ ಮೂಲೆ ಹುಡುಕಿ, ಡಾಂಬರಿನ ಮೇಲೆ ಚುಚ್ಚಿ ತಿರುವಿದೆ. ಎರಡು ಸಲ ಜಾರಿತು. ಮೂರನೆಯ ಸಲ ಒಳಗೆ ಹೋಯಿತು. ನೀರು ಬಂತು. ತೊಟ್ಟಿಕ್ಕಲಿಲ್ಲ, ಸುರಿಯಿತು; ಇಟ್ಟಿಗೆ ಕೆಂಪು ನೀರು ಮುಂಗೈ ಮೇಲೆ ಹರಿದು ಮೊಳಕೈವರೆಗೆ ಬಂದು ರವಿಕೆಯ ತೋಳಿಗೆ ಹಿಡಿಯಿತು. ಅಷ್ಟು ತುಕ್ಕು ಒಂದೂವರೆ ತಿಂಗಳಲ್ಲಿ ಆಗಿತ್ತು. ಅದು ನಾನು ಮಾಡಿದ್ದು, ಯಾವ ಮೇಣಕ್ಕೂ ವಾಪಸು ಬರುವುದಿಲ್ಲ.

ತಂಗಿ ಕುಕ್ಕರುಗಾಲಿನಲ್ಲಿ ಕೂತು ಬಗ್ಗಿ ನೋಡಿದಳು. "ಇಲ್ಲೂ ಒಂದಿತ್ತಾ?"

"ಅಪ್ಪ ಕೊರ್ದಿದ್ದು. ನಾನು ಬ್ಯಾಟ್ರಿ ಇಡ್ಕೊಂಡಿದ್ದೆ."

ನೀರು ತೆಳ್ಳಗಾಗಿ, ಹನಿಯಾಗಿ, ನಿಲ್ಲುತ್ತಾ ಬಂತು.

"ಇಷ್ಟ್ ವರ್ಸ ಓಡ್ಸಿವ್ನಿ ಈ ಗಾಡಿನ" ಅಂದಳು. "ನಂಗೆ ಒಂದ್ ಮಾತು ಏಳ್ಲಿಲ್ಲ ನೋಡು ಅಪ್ಪ. ನೀ ಮದ್ವೆಯಾಗಿ ಓದ್ಮೇಲೆ ನಾನೂ ನಾಲೆಗೆ ಇಳೀತೀನಿ ಅಂತ ಎಷ್ಟ್ ಸಲ ಕೇಳಿವ್ನಿ ಗೊತ್ತಾ? ಬ್ಯಾಡ ಬುಡು, ಅದು ಅಕ್ಕನ ಕೆಲ್ಸ ಅಂದ್ಬುಟ್ರು. ಗ್ಯಾರೇಜಿಗೆ ಕೊಟ್ರೇ ವರ್ತು ನಂಗೆ ಕಲುಸ್ಲಿಲ್ಲ."

ಆ ದನಿ ನನಗೆ ಗೊತ್ತು. ಅದನ್ನು ಅವಳು ಹುಟ್ಟಿದಾಗಿನಿಂದ ನಾನು ಕೇಳಿಸಿಕೊಂಡು ಬಂದಿದ್ದೇನೆ, ನನ್ನೊಳಗೆ. ಇನ್ನೊಬ್ಬರ ಬಾಯಲ್ಲಿ, ಅದೂ ಅವಳ ಬಾಯಲ್ಲಿ, ಕೇಳಿದ್ದು ಅದೇ ಮೊದಲು. ಅಯ್ಯೋ ಪಾಪ ಅನ್ನಿಸಬೇಕಿತ್ತು. ಸುಳ್ಳು ಯಾಕೆ ಹೇಳಲಿ, ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಪಾಪ ಅನ್ನಿಸಿದ್ದು ಆಮೇಲೆ, ಅವಳು ಸೆರಗಿನಿಂದ ನನ್ನ ಮೊಳಕೈಯ ಕೆಂಪು ನೀರು ಒರೆಸಿದಾಗ.

"ನೋಡ್ಕೊಂಡ್ ಏನ್ ಕೂತಿದ್ದೀಯೇ ಮೂದೇವಿ?" ಅಂದೆ. "ಆರೋದ್ರೊಳ್ಗೆ ತಿರ್ಗ ಮುಚ್ಕೊತದೆ. ಬ್ಯಾಗಲ್ಲಿ ಕಡ್ಡಿ ಅವೆ, ಒಂದ್ ತಕ್ಕೊಂಡ್ ಬಾ."

ಅವಳು ನಗುತ್ತಾ ಎದ್ದು ಹೋದಳು. ನಾನು ಕಾರಿನ ಹೊಟ್ಟೆಯ ಕೆಳಗೆ, ಆ ತೂತಿಗೆ ಬೆರಳು ಕೊಟ್ಟುಕೊಂಡು ಮಲಗಿದ್ದೆ. ಒಂದು ಕಡ್ಡಿ ತರಲು ಅಷ್ಟು ಹೊತ್ತು ಬೇಕಿರಲಿಲ್ಲ. ಬಂದವಳು ಬಗ್ಗಿ ಕೈ ಚಾಚಿದಳು. ದಾರ ಬಿಚ್ಚಿ, ನಾನು ಅಪ್ಪನಿಗೆ ಕೊಡುತ್ತಿದ್ದ ಹಾಗೆ, ಹದಿಮೂರನ್ನೂ ಎಣಿಸಿಕೊಂಡು ತಂದಿದ್ದಳು.